ಬೆಣ್ಣೆಕೈ ಬುರ್ಗಿಯ ಮೊಟ್ಟೆ

ಬೆಳಗ್ಗೆ ಕಣ್ಣು ಬಿಟ್ಟವಳೇ ಬುರ್ಗಿ ಎಡಗೈ ಮುಷ್ಟಿ ಕಟ್ಟಿ ನೋಡಿದಳು. ಬೆರಳುಗಳು ಅಂಗೈ ಮುಟ್ಟಿದವು. ಬಿಚ್ಚಿ ಮತ್ತೆ ಕಟ್ಟಿದಳು. ಮತ್ತೆ ಮುಟ್ಟಿದವು. ಹಾಸಿಗೆಯಲ್ಲಿ ಕೂತು ಒಬ್ಬಳೇ ಗಟ್ಟಿಯಾಗಿ ನಕ್ಕಳು. ಪಕ್ಕದ ಮನೆಯವರು ಗೋಡೆ ಬಡಿದರೆ ಬಡಿಯಲಿ, ಇವತ್ತು ಅವಳ ದಿನ.

ಮುಷ್ಟಿ ಕಟ್ಟುವುದೂ ಒಂದು ಸಂಭ್ರಮವೇ ಎಂದು ಯಾರಾದರೂ ಮೂಗು ಮುರಿದರೆ, ಅವರು ಮರದಂಥ ಕೈ ಇಟ್ಟುಕೊಂಡು ಎರಡು ಚಳಿಗಾಲ ಕಳೆದು ನೋಡಲಿ. ಬುರ್ಗಿ ವಿಯೆನ್ನಾದ ಸಾರೋಟಿನವಳು. ಅಪ್ಪ ಸಾರೋಟಿನವನು, ಅಜ್ಜ ಸಾರೋಟಿನವನು. ಆ ಕಸುಬಿನಲ್ಲಿ ಪ್ರತಿಯೊಬ್ಬರಿಗೂ ಒಂದು ಅಡ್ಡಹೆಸರು. ಅದನ್ನು ತಾನೇ ಇಟ್ಟುಕೊಳ್ಳುವಂತಿಲ್ಲ, ಬೇಡವೆನ್ನುವಂತೆಯೂ ಇಲ್ಲ. ಕರಡಿ ಎಂದರೆ ಸಾಯುವವರೆಗೂ ಕರಡಿ. ಬುರ್ಗಿಗೆ ಸಿಕ್ಕಿದ್ದು ಬೆಣ್ಣೆಕೈ. ಅವಳ ಕೈಯಲ್ಲಿ ಲಗಾಮು ಇದ್ದರೆ ಕುದುರೆಯ ಬಾಯಿಗೆ ಕಡಿವಾಣ ಇದೆಯೆಂಬುದೇ ಗೊತ್ತಾಗುವುದಿಲ್ಲ ಎನ್ನುತ್ತಿದ್ದರು. ಆ ಹೆಸರಿನ ಮೇಲೆ ಅವಳಿಗೆ ಒಳಗೊಳಗೇ ಭಾರೀ ಜಂಬವಿತ್ತು.

ಆಮೇಲೆ ರಕ್ತದ ಕ್ಯಾನ್ಸರ್ ಬಂತು. ತಮ್ಮ ಫೆರ್ಡ್ಲ್ ತನ್ನ ಅಸ್ಥಿಮಜ್ಜೆ ಕೊಟ್ಟು ಅಕ್ಕನನ್ನು ಉಳಿಸಿಕೊಂಡ. ಕ್ಯಾನ್ಸರೇನೋ ಹೋಯಿತು. ಆದರೆ ಅವನಿಂದ ಬಂದ ಬಿಳಿ ರಕ್ತಕಣಗಳು ಬಾಡಿಗೆಗೆ ಬಂದು ಮನೆಯವರನ್ನೇ ಹೊರದಬ್ಬಲು ನಿಂತವು. ಅಕ್ಕನ ಚರ್ಮವನ್ನು ಕಂಡರೆ ಅವುಗಳಿಗೆ ಆಗದು, ಪರಕೀಯವೆಂದು ಮೇಲೆ ಬಿದ್ದವು. ಚರ್ಮ ದಪ್ಪವಾಯಿತು, ಬಿಗಿಯಿತು, ಮೊಣಕೈ ಮಡಚದಾಯಿತು, ಬೆರಳುಗಳು ಕೊಕ್ಕೆಗಳಂತೆ ನಿಂತುಬಿಟ್ಟವು.

"ಚಿಕ್ಕಂದಿನಲ್ಲಿ ನನಗೆ ಹೊಡೆದಿದ್ಯಲ್ಲ, ನನ್ನ ರಕ್ತ ಒಂದೂ ಮರೆತಿಲ್ಲ ನೋಡು" ಎಂದು ಫೆರ್ಡ್ಲ್ ನಗಿಸಲು ನೋಡುತ್ತಿದ್ದ. ಹೇಳುವಾಗ ಅವನ ಮುಖ ಮಾತ್ರ ಸಪ್ಪಗಿರುತ್ತಿತ್ತು. ಅದೇ ಹೊತ್ತಿಗೆ ಬೆಣ್ಣೆಕೈ ಎಂದು ಕರೆಯುವುದನ್ನು ಎಲ್ಲರೂ ನಿಲ್ಲಿಸಿದರು. ಯಾರೂ ಮಾತಾಡಿಕೊಂಡು ನಿಲ್ಲಿಸಿದ್ದಲ್ಲ, ಪಾಪ, ಅವರ ಬಾಯಿಗೇ ಬರಲಿಲ್ಲ. ಲಾಯದಲ್ಲಿ ಅವಳು ಬರೀ ಬುರ್ಗಿಯಾದಳು. ಕೈ ಮಡಚದ ನೋವಿಗಿಂತ ಅದು ಅವಳನ್ನು ಹೆಚ್ಚು ಕೊರೆಯಿತು.

ಶರತ್ಕಾಲದಲ್ಲಿ ಆಸ್ಪತ್ರೆಯವರು ಬೆಳಕಿನ ಚಿಕಿತ್ಸೆ ಶುರು ಮಾಡಿದರು. ವಾರ ಬಿಟ್ಟು ವಾರ, ಗುರುವಾರ ಮತ್ತು ಶುಕ್ರವಾರ. ಮೊದಮೊದಲು ಏನೂ ಆಗಲಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಅಂಗಿಯ ಗುಂಡಿ ಹಾಕಿಕೊಂಡಳು. ಹಿಮ ಕರಗುವ ಹೊತ್ತಿಗೆ ಚಮಚ ಹಿಡಿದಳು. ಈಗ ಮುಷ್ಟಿ!

ಮುಷ್ಟಿ ಬಂದದ್ದೂ ಸರಿಯಾದ ಸಮಯಕ್ಕೇ. ಲಾಯದ ಯಜಮಾನ ಹಾಚೆಕ್ ಅಜ್ಜ ಅವಳ ಜೋಡಿಯನ್ನು, ಬೂದು ಬಣ್ಣದ ಪಾಷಾ ಮತ್ತು ಮುಕ್ಕಿಯನ್ನು, ಇಷ್ಟು ದಿನ ಯಾರಿಗೂ ಕೊಡದೆ ಕಾದಿದ್ದ. ಇನ್ನು ಕಾಯಲಾರೆ ಎಂದಿದ್ದ. ಓಡದ ಕುದುರೆ ಕೆಡುತ್ತದೆ. ನಾಳೆ ಬೆಳಗ್ಗೆ ಸಾಲ್ಸ್‌ಬರ್ಗ್‌ನಿಂದ ಕೊಳ್ಳುವವನೊಬ್ಬ ಕುದುರೆ ಸಾಗಿಸುವ ಲಾರಿ ತರುತ್ತಾನೆ. ಇವತ್ತು ಸಂಜೆ ನಾಲ್ಕಕ್ಕೆ ಬುರ್ಗಿ ಗಾಡಿ ಹೊಡೆದು ತೋರಿಸಿದರೆ ಜೋಡಿ ಅವಳದು. ಇಲ್ಲವಾದರೆ ಸಾಲ್ಸ್‌ಬರ್ಗ್‌ಗೆ.

ಹಾಚೆಕ್ ಲಾಯದ ಪರೀಕ್ಷೆಯೆಂದರೆ ಮೊಟ್ಟೆಯ ಪರೀಕ್ಷೆ. ಎಡಗೈಯಲ್ಲಿ ಎರಡೂ ಲಗಾಮು, ಅದೇ ಅಂಗೈಯೊಳಗೆ ಒಂದು ಹಸಿ ಕೋಳಿಮೊಟ್ಟೆ. ಒಂದು ಸುತ್ತು ಹೋಗಿ ಬರಬೇಕು. ಹಿಡಿತ ಸಡಿಲವಾದರೆ ಮೊಟ್ಟೆ ಬೀಳುತ್ತದೆ, ಬಿಗಿಯಾದರೆ ಒಡೆಯುತ್ತದೆ. ಗೆದ್ದವರಿಗೆ ಅದೇ ಮೊಟ್ಟೆಯನ್ನು ಹುರಿದು ಗುಲಾಷ್ ಎಂಬ ಖಾರದ ಮಾಂಸದ ಸಾರಿನ ತಟ್ಟೆಯ ಮೇಲೆ ಹಾಕಿ ಕೊಡುತ್ತಾರೆ. ಅದನ್ನು ತಿಂದವರೇ ಆ ಲಾಯದ ಸಾರೋಟಿನವರು.

ಇವತ್ತು ಶುಕ್ರವಾರ, ಈ ಸಲದ ಎರಡನೇ ಚಿಕಿತ್ಸೆ. ಆಸ್ಪತ್ರೆಗೆ ಹೋಗುವ ಮೊದಲು ಕುದುರೆಗಳನ್ನು ಒಮ್ಮೆ ಮಾತಾಡಿಸಿ ಹೋಗೋಣವೆಂದು ಬುರ್ಗಿ ಲಾಯಕ್ಕೆ ಬಂದಳು. ಅಲ್ಲಿ ನೋಡಿದರೆ ಹಬ್ಬ. ಒಲೆಯ ಮೇಲೆ ದೊಡ್ಡ ಪಾತ್ರೆ ಕುದಿಯುತ್ತಿತ್ತು. ಹಂದಿಕೊಬ್ಬಿನಲ್ಲಿ ಈರುಳ್ಳಿ ಹುರಿದ ವಾಸನೆ ಬೀದಿಗೇ ಬಂದಿತ್ತು. ಕರಡಿ ಎಂಬ ಅಡ್ಡಹೆಸರಿನ ಪೋಲ್ಡಿ ಸೌಟು ಹಿಡಿದು ನಿಂತಿದ್ದ, ಫೆರ್ಡ್ಲ್ ಬ್ರೆಡ್ ಕೊಯ್ಯುತ್ತಿದ್ದ.

"ಮೊಟ್ಟೆ ಸಂಜೆಗೆ, ಗುಲಾಷ್ ಈಗ್ಲೇ!" ಎಂದ ಪೋಲ್ಡಿ. "ನೀನು ಗೆಲ್ಲೋದು ಗೊತ್ತಿದ್ದೂ ಸಂಜೆವರೆಗೂ ಯಾರು ಕಾಯ್ತಾರೆ? ಕೂತ್ಕೊ."

"ಅಯ್ಯೋ, ಸಿಸ್ಟರ್ ಬೈತಾರೆ ಕಣೋ. ಕೊಬ್ಬಿರೋದು ತಿನ್ನಬಾರದಂತೆ."

"ನಿನ್ನೆ ತಿಂದ್ಯಾ?"

"ಇಲ್ಲ. ನಿನ್ನೆ ಬರೀ ರವೆ ಗಂಜಿ."

"ಮತ್ತಿನ್ನೇನು! ಗಂಜಿ ಕುಡಿದು ಪಾಷಾನ ಎಳೆದು ನಿಲ್ಲಿಸ್ತೀಯಾ? ಅವನೇ ನಿನ್ನ ಎಳ್ಕೊಂಡು ಹೋಗ್ತಾನೆ."

"ಒಂದೇ ತಟ್ಟೆ, ಬುರ್ಗಿ" ಎಂದ ಫೆರ್ಡ್ಲ್. "ಒಂದು ತಟ್ಟೆಗೆ ಯಾರೂ ಸತ್ತಿಲ್ಲ."

ಅವಳಿಗೆ ಬೇಡವೆನ್ನಬೇಕೆಂದಿತ್ತೇ? ಇರಲಿಲ್ಲ. ಎರಡು ವರ್ಷ ಸಪ್ಪೆ ತಿಂದ ನಾಲಿಗೆ, ಮುಷ್ಟಿ ಕಟ್ಟಿದ ಖುಷಿ, ಸುತ್ತ ನಿಂತ ತನ್ನವರು. ಸಾರೋಟಿನವರಲ್ಲಿ ಇಟ್ಟ ತಟ್ಟೆಯನ್ನು ತಳ್ಳುವವರಿಲ್ಲ. ಮೇಲೆ ಕೆಂಪಗೆ ಮಿನುಗುವ ಕೊಬ್ಬು, ಪಕ್ಕದಲ್ಲಿ ಸೀಳಿದ ಸಾಸೇಜು, ಉಪ್ಪಿನಲ್ಲಿ ನೆನೆದ ಸೌತೆಕಾಯಿ. ಒಂದು ತಟ್ಟೆ ಮುಗಿಸಿದಳು. ಪೋಲ್ಡಿ ಕೇಳದೆಯೇ ಇನ್ನೊಂದು ಬಡಿಸಿದ. ಅದನ್ನೂ ಬ್ರೆಡ್ಡಿನಿಂದ ಒರೆಸಿ ತಿಂದಳು. ಹೊರಡುವಾಗ ಟ್ರಾಮಿಗೆ ಓಡಿದಳೆಂದರೆ ನಂಬಬೇಕು, ಓಡಿದಳು!

ಆಸ್ಪತ್ರೆಯ ಸಿಸ್ಟರ್ ಯದ್ರಾಂಕಾ ಕೈಚಳಕದವಳು, ಬಾಯಿ ಜೋರು. ಬುರ್ಗಿಯ ಎದೆಯಲ್ಲಿ ಚರ್ಮದಡಿ ಕೂರಿಸಿದ್ದ ಪೋರ್ಟ್ ಎಂಬ ಪುಟ್ಟ ಡಬ್ಬಿಗೆ ಕೊಳವೆ ಜೋಡಿಸಿ ಯಂತ್ರ ಶುರು ಮಾಡಿದಳು. ಕೆಲಸ ಹೇಳಲು ಸುಲಭ. ಯಂತ್ರ ರಕ್ತವನ್ನು ಗಿರಗಿರನೆ ತಿರುಗಿಸಿ ಬಿಳಿಕಣಗಳನ್ನು ಬೇರೆ ತೆಗೆಯುತ್ತದೆ, ಉಳಿದದ್ದನ್ನು ಮೈಗೆ ಹಿಂತಿರುಗಿಸುತ್ತದೆ. ತೆಗೆದ ಕಣಗಳಿಗೆ ಒಂದು ಮದ್ದು ಬೆರೆಸಿ, ತೆಳ್ಳನೆಯ ಪ್ಲಾಸ್ಟಿಕ್ ಫಲಕದೊಳಗೆ ಹರಿಸಿ, ಎರಡೂ ಕಡೆಯಿಂದ ನೇರಳಾತೀತ ಬೆಳಕು ಬಿಡುತ್ತಾರೆ. ಆ ಮದ್ದು ಬೆಳಕು ಬಿದ್ದರೆ ಮಾತ್ರ ಎಚ್ಚರಗೊಳ್ಳುವಂಥದ್ದು. ಬೆಳಕು ಉಂಡ ಕಣಗಳನ್ನು ಮತ್ತೆ ಮೈಗೆ ಬಿಡುತ್ತಾರೆ. ಅವು ಹೋಗಿ ಉಳಿದ ಜಗಳಗಂಟರನ್ನು ತಣ್ಣಗಾಗಿಸುತ್ತವೆ.

"ನಿಮ್ಮ ತಮ್ಮನ ಪುಂಡರಲ್ಲಿ ನಾಕು ಜನಾನ ಹಿಡಿದು ಬುದ್ಧಿ ಕಲಿಸಿ ಕಳಿಸ್ತೀವಿ, ಅವರು ಹೋಗಿ ಮಿಕ್ಕಿದವರಿಗೆ ಹೇಳ್ತಾರೆ" ಎಂದು ಯದ್ರಾಂಕಾ ಮೊದಲ ದಿನವೇ ತಿಳಿಸಿದ್ದಳು. ಬುರ್ಗಿಗೆ ಅಷ್ಟು ಸಾಕಾಗಿತ್ತು.

ಇವತ್ತು ಯಂತ್ರ ಸ್ವಲ್ಪ ತಿರುಗಿ ಕೀಚ್ ಎಂದು ಕೂಗಿತು. ಯದ್ರಾಂಕಾ ಗುಂಡಿ ಒತ್ತಿದಳು. ಮತ್ತೆ ಕೂಗಿತು. ಅವಳು ಬಗ್ಗಿ ಕೊಳವೆಯನ್ನು ಬೆಳಕಿಗೆ ಹಿಡಿದಳು. ಹಳದಿಯಾಗಿ ತಿಳಿಯಾಗಿರಬೇಕಿದ್ದ ರಕ್ತದ ನೀರು ಹಾಲಿನಂತೆ ಬೆಳ್ಳಗಿತ್ತು.

"ಏನ್ರೀ ಬುರ್ಗಿ, ಬೆಳಗ್ಗೆ ಏನು ತಿಂದ್ರಿ?"

"ಏನೂ ಇಲ್ಲ... ಸ್ವಲ್ಪ ಬ್ರೆಡ್ಡು."

"ಬ್ರೆಡ್ಡಿನ ಜೊತೆ?"

ಬುರ್ಗಿ ನಾಲಿಗೆ ಕಚ್ಚಿಕೊಂಡಳು. "ಗುಲಾಷ್."

"ಗುಲಾಷ್!" ಯದ್ರಾಂಕಾಳ ದನಿ ಕಾರಿಡಾರಿನ ಕೊನೆ ಮುಟ್ಟಿತು. "ಸಾರೋಟಿನವರ ಗುಲಾಷ್! ಆ ಹಂದಿಕೊಬ್ಬಲ್ಲಿ ಈಜಾಡೋದು! ಆರು ತಿಂಗಳಿಂದ ಬಡ್ಕೋತಿದೀನಿ ನಾನು. ಯಂತ್ರಕ್ಕಿರೋದು ಒಂದೇ ಕಣ್ಣು. ಎಲ್ಲಿ ಕೆಂಪು ಮುಗೀತು, ಎಲ್ಲಿ ಬಿಳಿ ಶುರುವಾಯ್ತು ಅಂತ ಅದು ನೋಡಿ ಬೇರೆ ಮಾಡ್ಬೇಕು. ಅದರ ಕಣ್ಣಿಗೇ ಸುಣ್ಣ ಹಚ್ಚಿದ್ದೀರಲ್ರೀ! ಎಷ್ಟು ತಟ್ಟೆ?"

"ಎರಡು" ಎಂದಳು ಬುರ್ಗಿ, ಶಾಲೆಯ ಹುಡುಗಿಯಂತೆ.

ಡಾಕ್ಟರು ಬಂದರು, ನೋಡಿದರು, ನಗು ತಡೆದುಕೊಂಡರು. ರಕ್ತವನ್ನು ಹಿಂದಕ್ಕೆ ಕೊಟ್ಟು ಯಂತ್ರ ನಿಲ್ಲಿಸಿ ಎಂದರು. ಆಮೇಲೆ ಬುರ್ಗಿಯತ್ತ ತಿರುಗಿದರು. "ಎರಡು ದಾರಿ ಇದೆ. ಮನೆಗೆ ಹೋಗಿ, ಈ ಸಲದ ಎರಡನೇದು ತಪ್ಪಿತು ಅಂದ್ಕೊಳ್ಳೋಣ. ಇಲ್ಲಾ, ನೀರು ಕುಡೀತಾ ಮಧ್ಯಾಹ್ನದವರೆಗೂ ಕಾಯಿರಿ, ಕೊಬ್ಬು ಇಳಿದಮೇಲೆ ಹೊಸ ಕೊಳವೆ ಹಾಕಿ ಮಾಡೋಣ. ಕೈ ಈಗಷ್ಟೇ ಬಿಡ್ತಾ ಇದೆ. ತಪ್ಪಿಸ್ಬೇಡಿ ಅನ್ನೋದು ನನ್ನ ಅಭಿಪ್ರಾಯ. ಆದ್ರೆ ನಿಮ್ಮಿಷ್ಟ."

"ಮಧ್ಯಾಹ್ನ ಶುರುವಾದ್ರೆ ಮುಗಿಯೋದು?"

"ಐದು ದಾಟತ್ತೆ."

ನಾಲ್ಕಕ್ಕೆ ಹಾಚೆಕ್ ಅಜ್ಜ ಲಾಯದ ಅಂಗಳದಲ್ಲಿ ನಿಂತಿರುತ್ತಾನೆ. ಬುರ್ಗಿ ಫೆರ್ಡ್ಲ್‌ಗೆ ಫೋನ್ ಮಾಡಿದಳು.

"ಈಗ್ಲೇ ಹೊರಟು ಬಂದ್ಬಿಡು!" ಎಂದು ಅವನು ಕಿರುಚಿದ. "ಒಂದು ಸಲ ತಪ್ಪಿದ್ರೆ ಏನಾಗತ್ತೆ? ಕುದುರೆ ಹೋದ್ರೆ ಹೋದವೇ!"

"ಯಜಮಾನರು ನಾಳೆಗೆ ಹಾಕ್ತಾರಾ ಕೇಳು."

ಅವನು ಕೇಳಿ ಬಂದ. "ನಾಲ್ಕು ಅಂದ್ರೆ ನಾಲ್ಕೇ ಅಂತೆ."

ಬುರ್ಗಿ ಫೋನ್ ಇಟ್ಟು ಕಾರಿಡಾರಿನಲ್ಲಿ ನಡೆದಳು. ಆ ತುದಿಯಿಂದ ಈ ತುದಿಗೆ, ಕೈಯಲ್ಲಿ ನೀರಿನ ಲೋಟ. ಅವಳಿಗೆ ಸಿಟ್ಟು ಬಂತು. ಪೋಲ್ಡಿಯ ಮೇಲೆ, ಗುಲಾಷಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಹಾಳು ನಾಲಿಗೆಯ ಮೇಲೆ. ಕೋಟು ಹಾಕಿಕೊಂಡು ಓಡಿಬಿಡಲೇ? ಕುದುರೆಗಳ ಬಿಸಿ ಉಸಿರು ಮುಖಕ್ಕೆ ತಾಗಿದಂತಾಯಿತು. ಕೋಟಿನ ಗುಂಡಿಗೆ ಕೈ ಹಾಕಿದಳು. ಹಾಕಿದ ಕೈಯನ್ನೇ ನೋಡಿದಳು. ಶರತ್ಕಾಲದಲ್ಲಿ ಈ ಗುಂಡಿಯನ್ನು ಫೆರ್ಡ್ಲ್ ಹಾಕಿಕೊಡುತ್ತಿದ್ದ. ಅದನ್ನು ಅವಳ ಬೆರಳಿಗೆ ಹಿಂದಿರುಗಿಸಿದ್ದು ಈ ಬೆಳಕು. ಅದಕ್ಕೇ ಬೆನ್ನು ತಿರುಗಿಸಿ ಹೋದರೆ, ಇವತ್ತು ಗೆದ್ದ ಲಗಾಮನ್ನು ನಾಳೆ ಯಾವ ಕೈಯಲ್ಲಿ ಹಿಡಿಯುವುದು?

ತಿರುಗಿ ಬಂದು ಕುರ್ಚಿಯಲ್ಲಿ ಕೂತಳು. "ಸಿಸ್ಟರ್, ಇನ್ನೊಂದು ಲೋಟ ನೀರು ಕೊಡಿ. ನಾನು ಕಾಯ್ತೀನಿ."

ಯದ್ರಾಂಕಾ ಈ ಸಲ ಬೈಯಲಿಲ್ಲ. ವಿಷಯವೇನೆಂದು ಕೇಳಿದಳು. ಬುರ್ಗಿ ಎಲ್ಲವನ್ನೂ ಹೇಳಿದಳು, ಮೊಟ್ಟೆಯ ಸಮೇತ. ಯದ್ರಾಂಕಾ ಕೇಳಿಸಿಕೊಂಡು ಮೂಗೊರೆಸಿಕೊಂಡಳು. ಆಮೇಲೆ ಬುರ್ಗಿಯ ಫೋನ್ ತೆಗೆದುಕೊಂಡು ಹೊರಗೆ ಹೋದಳು. ಫೆರ್ಡ್ಲ್‌ಗೆ ಏನು ಹೇಳಿದಳೋ, ಬಾಗಿಲಿನಾಚೆಯಿಂದ ಅವಳ ದನಿ ಜೋರಾಗಿ ಕೇಳಿಸುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ರಕ್ತದ ನೀರು ತಿಳಿಯಾಯಿತು. ಯಂತ್ರ ಕೂಗದೆ ತಿರುಗಿತು. ಫಲಕದ ಕಡೆಯಿಂದ ನೀಲಿ ಬೆಳಕಿನ ಸಣ್ಣ ಗೆರೆ ಕಾಣುತ್ತಿತ್ತು. ಗೋಡೆಯ ಗಡಿಯಾರ ನಾಲ್ಕು ತೋರಿಸಿದಾಗ ಬುರ್ಗಿ ಆ ಕಡೆ ನೋಡಲಿಲ್ಲ. ನಿನ್ನೆಯ ಚಿಕಿತ್ಸೆಯಾದಾಗಿನಿಂದ ಹಾಕಿಕೊಂಡೇ ಇದ್ದ ಕಪ್ಪು ಕನ್ನಡಕದೊಳಗೆ ಕಣ್ಣು ಮುಚ್ಚಿಕೊಂಡಳು. ಹೋಯಿತು, ಪಾಷಾ ಹೋದ, ಮುಕ್ಕಿ ಹೋದಳು ಎಂದುಕೊಂಡಳು. ಅಳು ಬಂತು, ಅತ್ತಳು. ಕೊನೆಯ ಹನಿ ಮೈಗೆ ಇಳಿಯುವವರೆಗೂ ಕದಲಲಿಲ್ಲ.

ಕೊಳವೆ ಬಿಚ್ಚುತ್ತಾ ಯದ್ರಾಂಕಾ ಎಂದಿನ ಪಾಠ ಒಪ್ಪಿಸಿದಳು. "ನಾಳೆ ಇಷ್ಟು ಹೊತ್ತಿನವರೆಗೆ ಕನ್ನಡಕ ತೆಗಿಯೋ ಹಾಗಿಲ್ಲ. ಮದ್ದು ಇನ್ನೂ ಮೈಯಲ್ಲಿರತ್ತೆ, ಬಿಸಿಲು ತಾಗಬಾರದು. ಟೋಪಿ, ಕೈಗವಸು, ಎಲ್ಲಾ ಹಾಕ್ಕೊಳ್ಳಿ."

ಆಗ ಕೇಳಿಸಿತು. ಕಲ್ಲು ಹಾಸಿನ ಮೇಲೆ ಗೊರಸಿನ ಸಪ್ಪಳ. ವಿಯೆನ್ನಾದಲ್ಲಿ ಕುದುರೆ ಸಪ್ಪಳ ಹೊಸದಲ್ಲ. ಆದರೆ ಆ ನಡಿಗೆಯಲ್ಲಿ ಒಂದು ಹಿಂಗಾಲು ಚೂರು ತಡವಾಗಿ ಬೀಳುತ್ತಿತ್ತು. ಲೋಕದಲ್ಲಿ ಹಾಗೆ ನಡೆಯುವವಳು ಮುಕ್ಕಿ ಒಬ್ಬಳೇ. ಬುರ್ಗಿ ಕುರ್ಚಿಯಿಂದ ಎದ್ದ ರಭಸಕ್ಕೆ ನೀರಿನ ಲೋಟ ಉರುಳಿತು.

ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ ಸಾರೋಟು ನಿಂತಿತ್ತು. ಮೇಲೆ ಹಾಚೆಕ್ ಅಜ್ಜ, ತಲೆಗೆ ದುಂಡು ಟೋಪಿ, ಮಂಡಿಗೆ ಕಂಬಳಿ. ವರ್ಷಗಳಿಂದ ಆತ ಸಾರೋಟಿನ ಮೇಲೆ ಹತ್ತಿರಲಿಲ್ಲ. ಕೆಳಗೆ ಫೆರ್ಡ್ಲ್, ಪೋಲ್ಡಿ. ಪೋಲ್ಡಿಯ ತಲೆ ತಗ್ಗಿತ್ತು.

"ನಾಲ್ಕು ಅಂದ್ರೆ ನಾಲ್ಕು ಅಂದಿದ್ರಲ್ಲ ಯಜಮಾನ್ರೇ" ಎಂದಳು ಬುರ್ಗಿ.

"ಅಂದಿದ್ದೆ" ಎಂದ ಅಜ್ಜ. "ಮೊಟ್ಟೆಗಿಂತ ಮುಂಚೆ ಗುಲಾಷ್ ಬಡಿಸಿದ ಕತ್ತೆ ಯಾರೂಂತ ಆಮೇಲೆ ಗೊತ್ತಾಯ್ತು. ನನ್ನ ಲಾಯದ ಪಾತ್ರೆ, ನನ್ನ ಲಾಯದ ತಪ್ಪು. ಅದೊಂದು." ಕೆಮ್ಮಿದ. "ಇನ್ನೊಂದು, ಇವತ್ತೊಂದು ದಿನ ಗಾಡಿ ಹೊಡೆಯೋಳಾಗಿದ್ರೆ ನೀನು ಎಲ್ಲಾ ಬಿಟ್ಟು ನಾಲ್ಕಕ್ಕೆ ಓಡಿ ಬರ್ತಿದ್ದೆ. ಬರ್ಲಿಲ್ಲ. ಅಂದ್ರೆ ನಿನಗೆ ಇನ್ನೂ ಹತ್ತು ವರ್ಷ ಹೊಡೆಯೋ ಯೋಚ್ನೆ ಇದೆ. ನನಗೆ ಅಂಥೋರೇ ಬೇಕು. ಗಾಡಿ ಹತ್ತು."

ಬುರ್ಗಿ ಮೊದಲು ಕುದುರೆಗಳ ಬಳಿ ಹೋದಳು. ಪಾಷಾ ಅವಳ ಕೈಗವಸನ್ನು ಮೂಸಿ, ಆಸ್ಪತ್ರೆಯ ವಾಸನೆಗೆ ಸೀನಿದ. ಆಮೇಲೆ ಮೂತಿಯನ್ನು ಅವಳ ಕಂಕುಳಿಗೆ ತೂರಿಸಿದ.

ಅಜ್ಜ ಜೇಬಿನಿಂದ ಮೊಟ್ಟೆ ತೆಗೆದ. "ಗವಸು ತೆಗಿ. ಬರಿಗೈಲಿ ಹಿಡಿಯೋದು ಪದ್ಧತಿ."

"ಗವಸು ತೆಗೆದ್ರೆ ರೋಗಿನ ವಾಪಸ್ ಒಳಗೆ ಕರ್ಕೊಂಡು ಹೋಗ್ತೀನಿ" ಎಂದಳು ಹಿಂದೆಯೇ ಬಂದಿದ್ದ ಯದ್ರಾಂಕಾ. ಇಳಿಬಿಸಿಲು ಇನ್ನೂ ಗೋಡೆಯ ಮೇಲಿತ್ತು. "ನಿಮ್ಮ ಪದ್ಧತಿ ನಿಮ್ಮ ಲಾಯದಲ್ಲಿ. ಇದು ನನ್ನ ಗೇಟು."

ಅಜ್ಜ ಅವಳನ್ನು ಮೇಲಿಂದ ಕೆಳಗೆ ನೋಡಿದ. ತನ್ನ ಸಮಕ್ಕೆ ಬಾಯಿ ಮಾಡುವವರನ್ನು ಕಂಡು ಬಹಳ ದಿನವಾಗಿತ್ತೇನೋ, ಅವನಿಗೆ ಖುಷಿಯಾಯಿತು. "ಗವಸು ಹಾಕ್ಕೊಂಡು ಮೊಟ್ಟೆ ಹಿಡಿದೋರು ನನ್ನ ಕಾಲದಲ್ಲಿ ಯಾರೂ ಇಲ್ಲ. ಕಷ್ಟ ಜಾಸ್ತಿ, ಗೊತ್ತಾ?"

"ಗೊತ್ತು" ಎಂದಳು ಬುರ್ಗಿ. "ಕೊಡಿ."

ಹತ್ತಿ ಕೂತಳು. ಅಜ್ಜ ಪಕ್ಕಕ್ಕೆ ಸರಿದ. ಎರಡೂ ಲಗಾಮು ಬೆರಳ ಸಂದಿಗೆ, ಅಂಗೈಗೆ ಮೊಟ್ಟೆ. ಮುಷ್ಟಿ ಮುಚ್ಚಿದಳು. ಮುಚ್ಚಿತು! ಅವಳ ಮೈ ಜುಮ್ಮೆಂದಿತು. ನಾಲಿಗೆಯಿಂದ ಟಕ್ ಎನಿಸಿದಳು. ಜೋಡಿ ಹೆಜ್ಜೆ ಹಾಕಿತು.

ಆಸ್ಪತ್ರೆಯ ಗೋಡೆಯ ಉದ್ದಕ್ಕೂ ಹೋಗಿ, ಟ್ರಾಮ್ ಹಳಿ ದಾಟಿ, ತಿರುಗಿ ಬರಬೇಕು. ಮೊದಲ ತಿರುವು ಸಲೀಸಾಗಿ ಆಯಿತು. ಕಪ್ಪು ಕನ್ನಡಕದಲ್ಲಿ ರಸ್ತೆ ಸಂಜೆಗಿಂತ ಮಬ್ಬಾಗಿತ್ತು. ಆದರೆ ಕುದುರೆಯ ಬೆನ್ನನ್ನು ಓದಲು ಅವಳಿಗೆ ಅಷ್ಟು ಬೆಳಕು ಧಾರಾಳವಾಯಿತು. ಗಾಳಿ ಮುಖಕ್ಕೆ ಬಡಿಯಿತು. ಹಾಡಬೇಕೆನ್ನಿಸಿತು, ಅಜ್ಜ ಪಕ್ಕದಲ್ಲಿದ್ದಾನೆಂದು ಸುಮ್ಮನಾದಳು.

ಹಳಿ ದಾಟುವಾಗ ಹಿಂದಿನಿಂದ ಆಂಬುಲೆನ್ಸ್ ಒದರುತ್ತಾ ಬಂತು. ಪಾಷಾನ ಕಿವಿ ಹಿಂದಕ್ಕೆ ಒರಗಿದವು, ಬೆನ್ನು ಕಮಾನಾಯಿತು. ಅಜ್ಜನ ಕೈ ಲಗಾಮಿನ ಕಡೆ ಬರತೊಡಗಿತು. "ಬೇಡ!" ಎಂದಳು ಬುರ್ಗಿ. ಉಂಗುರ ಬೆರಳೊಂದನ್ನೇ ಒಂದಿಷ್ಟು ಒಳಕ್ಕೆಳೆದಳು, ಮತ್ತೆ ಬಿಟ್ಟಳು. ಮತ್ತೆ ಎಳೆದಳು, ಬಿಟ್ಟಳು. ಇದ್ದೀನಿ ಕಣೋ, ನಾನೇ ಇದ್ದೀನಿ. ಆಂಬುಲೆನ್ಸ್ ಪಕ್ಕದಲ್ಲೇ ಹಾದು ಹೋಯಿತು. ಪಾಷಾ ಒಮ್ಮೆ ತಲೆ ಕೊಡವಿ ಕಿವಿ ಮುಂದಕ್ಕೆ ತಂದ.

ಆಗಲೇ ಅಂಗೈಯಲ್ಲಿ ಒದ್ದೆ ತಿಳಿಯಿತು. ಬೆವರೋ, ಮೊಟ್ಟೆಯ ಲೋಳೆಯೋ? ಗವಸಿನೊಳಗೆ ಯಾವುದೂ ಗೊತ್ತಾಗದು. ಮುಷ್ಟಿ ಬಿಚ್ಚಿ ನೋಡುವಂತಿಲ್ಲ. ಉಳಿದ ದಾರಿಯನ್ನು ಅವಳು ಉಸಿರು ಬಿಗಿಹಿಡಿದೇ ಮುಗಿಸಿದಳು.

ಗೇಟಿನಲ್ಲಿ ಗಾಡಿ ನಿಂತಿತು. ಎಲ್ಲರೂ ಸುತ್ತ ಕವಿದರು. ಬುರ್ಗಿ ಲಗಾಮು ಹಿಡಿದೇ ಕೈ ಚಾಚಿದಳು. ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದಳು.

ಮೊಟ್ಟೆ ಇತ್ತು.

ಅಜ್ಜ ಅದನ್ನೆತ್ತಿ, ಸಣ್ಣ ಬಿರುಕಾದರೂ ಇದೆಯೇ ಎಂದು ಇಳಿಬಿಸಿಲಿಗೆ ಹಿಡಿದು, ಸುತ್ತಲೂ ತಿರುಗಿಸಿ ನೋಡಿದ. ಬೆಳಕು ಅದರೊಳಗೆ ಕೆಂಪಗೆ ತುಂಬಿಕೊಂಡಿತು. ಆತ ಅದನ್ನು ಹುಷಾರಾಗಿ ಜೇಬಿಗಿಳಿಸಿದ.

"ಏನು ಎಲ್ಲಾ ಬಾಯಿ ಬಿಟ್ಕೊಂಡು ನಿಂತಿದ್ದೀರಿ? ಫೆರ್ಡ್ಲ್, ಸಾಲ್ಸ್‌ಬರ್ಗಿನವನಿಗೆ ಫೋನ್ ಮಾಡಿ ಮನೇಲೇ ಇರು ಅನ್ನು." ಆಮೇಲೆ ಪಕ್ಕಕ್ಕೆ ತಿರುಗಿ ದಿನವೂ ಹೇಳುವವನಂತೆ ಹೇಳಿದ. "ಬೆಣ್ಣೆಕೈ, ಗಾಡಿ ತಿರುಗಿಸು. ಕುದುರೆಗಳಿಗೆ ಚಳಿ ಆಗತ್ತೆ."

ಎರಡು ವರ್ಷದ ಮೇಲೆ ಆ ಹೆಸರು ಕಿವಿಗೆ ಬಿತ್ತು. ಬುರ್ಗಿ ಗಾಡಿ ತಿರುಗಿಸಿದಳು. ಕಪ್ಪು ಕನ್ನಡಕದ ಅಡಿಯಿಂದ ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಯದ್ರಾಂಕಾ ಗೇಟಿನಿಂದ, "ಮುಂದಿನ ಸಲ ಗಂಜಿ ಕುಡಿದು ಬನ್ನಿ!" ಎಂದು ಕೂಗಿದಳು.

ಲಾಯದಲ್ಲಿ ಬೆಳಗಿನ ಪಾತ್ರೆ ಮತ್ತೆ ಒಲೆಗೇರಿತು. ಪೋಲ್ಡಿ ಮೊಟ್ಟೆ ಹುರಿದು, ಗುಲಾಷಿನ ಮೇಲಿಟ್ಟು, ಎರಡೂ ಕೈಯಲ್ಲಿ ತಟ್ಟೆ ಹಿಡಿದು ತಂದು ಅವಳ ಮುಂದಿಟ್ಟ. ಮುಂದಿನ ಚಿಕಿತ್ಸೆಗೆ ದಿನಗಳಿದ್ದವು, ತಿನ್ನಲು ಅಡ್ಡಿಯಿರಲಿಲ್ಲ. ಎಲ್ಲರೂ ಕಾದರು. ಬುರ್ಗಿ ಚಾಕು ತೆಗೆದುಕೊಂಡು ಮೊಟ್ಟೆಯನ್ನು ನಡುವೆ ಸೀಳಿದಳು. ಒಂದು ತುಂಡನ್ನು ಫೆರ್ಡ್ಲ್‌ನ ತಟ್ಟೆಗೆ ಹಾಕಿದಳು.

"ಏನೇ ಇದು? ಗೆದ್ದೋರು ಪೂರ್ತಿ ತಿನ್ಬೇಕು" ಎಂದ ಅವನು.

"ನಾನು ಬದುಕಿರೋದೇ ನಿನ್ನ ರಕ್ತದಿಂದ. ತಿನ್ನು."

"ಅದೇ ರಕ್ತ ತಾನೇ ನಿನ್ನ ಕೈ ಕೆಡಿಸಿದ್ದು?"

"ಅದಕ್ಕೇ ಬರೀ ಅರ್ಧ ಕೊಟ್ಟಿದ್ದು" ಎಂದಳು ಬುರ್ಗಿ, ಮುಷ್ಟಿಯಲ್ಲಿ ಚಮಚ ಹಿಡಿದು.